ಹಿತ್ತಲಿಗೆ ಪ್ಲಾಸ್ಟಿಕ್ ಶೆಡ್ಡೋ, ತಗಡಿನ ಶೆಡ್ಡೋ?

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹತ್ತು ಗುಂಟೆ ಹಿತ್ತಲು, ಸಲಕರಣೆ ಮತ್ತು ಗೊಬ್ಬರ ಇಡಲು ಆನ್‌ಲೈನಿನ ಪ್ಲಾಸ್ಟಿಕ್ ಶೆಡ್ ತರಿಸಲೋ, ತಗಡಿನದು ಮಾಡಿಸಲೋ ಅಂತ ಕೇಳಿದ್ದೀರಿ. ಶುರುವಿನಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ. ಈಗ ಯಾರು ಕೇಳಿದರೂ ಮೊದಲು ಅಡಿಪಾಯದ ಮಾತೆತ್ತುತ್ತೇನೆ. ಮಲೆನಾಡಿನಲ್ಲಿ ಶೆಡ್ ಹಾಳಾಗುವುದು ಬುಡದಿಂದ.

ದುಡ್ಡು ದಂಡವಾಗುವ ತಪ್ಪು ಒಂದಿದೆ, ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. 6×8 ಅಡಿ ಶೆಡ್ಡಿಗೆ "ಸುತ್ತ ಓಡಾಡಲು ಇರಲಿ" ಅಂತ 8×10 ಅಡಿ ಕಾಂಕ್ರೀಟ್ ಹಾಕಿಸುತ್ತಾರೆ. ಗೋಡೆಯ ತಗಡು ಆ ಕಾಂಕ್ರೀಟಿನ ಮೇಲೆ ಕೂರುತ್ತದೆ. ಹೊರಗೆ ಉಳಿದ ಒಂದೊಂದು ಅಡಿ ಜಾಗಕ್ಕೆ ಮಾಡಿನ ನೀರು ಬಿದ್ದು ಚಿಮ್ಮುತ್ತದೆ, ಗೋಡೆಗೆ ಹೊಡೆದ ಇರಚಲೂ ಜಾರಿ ಅಲ್ಲಿಗೇ ಇಳಿಯುತ್ತದೆ. ನೆಲ ಮಟ್ಟಸವಾಗಿರುವುದರಿಂದ ಆ ನೀರು ತಗಡಿನ ಅಡಿಯ ಸಂದಿ ಹುಡುಕಿಕೊಂಡು ಒಳಗೆ ಹರಿದು, ಗೊಬ್ಬರದ ಚೀಲದ ಬುಡ ನೆನೆಸುತ್ತದೆ. ಸಂದಿಗೆ ಸಿಲಿಕೋನ್ ಅಂಟು ತುಂಬುವವರಿದ್ದಾರೆ. ಬಿಸಿಲಿಗೆ ತಗಡು ಹಿಗ್ಗಿ, ರಾತ್ರಿ ಕುಗ್ಗಿ, ಕ್ರಮೇಣ ಅದು ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಕಾಂಕ್ರೀಟು ಶೆಡ್ಡಿನ ಅಳತೆಗಿಂತ ಅರ್ಧ ಇಂಚೂ ಹೊರಗೆ ಬರಬಾರದು. ಕಂಬಗಳು ಅಂಚಿಗೇ ನಿಲ್ಲಬೇಕು. ಗೋಡೆಯ ತಗಡು ಕಾಂಕ್ರೀಟಿನ ಅಂಚು ದಾಟಿ ಎರಡು ಇಂಚು ಕೆಳಗಿಳಿದಿರಬೇಕು. ಆಗ ಗೋಡೆ ಮೇಲಿಂದ ಇಳಿದ ನೀರು ನೇರ ಹೊರಗಿನ ಮಣ್ಣಿಗೆ ಬೀಳುತ್ತದೆ. ರೆಡಿಮೇಡ್ ಪ್ಲಾಸ್ಟಿಕ್ ಶೆಡ್ಡಿನ ಗೋಡೆಯನ್ನು ಸಾಮಾನ್ಯವಾಗಿ ಹೀಗೆ ಕೆಳಗಿಳಿಸಲು ಬರುವುದಿಲ್ಲ. ನೆಲ ಸ್ವಲ್ಪ ಓರೆಯಾದರೂ ಅದರ ಬಾಗಿಲು ಸರಿಯಾಗಿ ಕೂರುವುದಿಲ್ಲ. ನಿಮ್ಮ ಊರಿನ ಮಳೆಗೆ ಅದು ಬೇಡ.

ಮಳೆಗಾಲದಲ್ಲಿ ನೀರು ನಿಲ್ಲುವ ಮಟ್ಟ ನೋಡಿಕೊಂಡು, ಅದಕ್ಕಿಂತ ಒಂದು ಅಡಿ ಎತ್ತರಕ್ಕೆ ನೆಲ ಬರಲಿ. ಸುತ್ತ ಜಂಬಿಟ್ಟಿಗೆ ಕಲ್ಲು ಕಟ್ಟಿ, ಒಳಗೆ ಮಣ್ಣನ್ನು ಅರ್ಧರ್ಧ ಅಡಿ ತುಂಬುತ್ತ ನೀರು ಹಾಕಿ ಬಡಿದು ಗಟ್ಟಿ ಮಾಡಿ. ಮೇಲೆ ನಾಲ್ಕು ಇಂಚು ಜಲ್ಲಿ, ಜಲ್ಲಿಯ ಮೊನೆ ಚುಚ್ಚದಂತೆ ತೆಳ್ಳಗೆ ಮರಳು, ಅದರ ಮೇಲೆ 250 ಮೈಕ್ರಾನಿನ ಪಾಲಿಥೀನ್ ಹಾಳೆ, ಆಮೇಲೆ 1:2:4 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು ನಾಲ್ಕು ಇಂಚು. ಒಂದು ವಾರ ನೀರುಣಿಸಿ. ಹಾಳೆ ದಂಡ ಅಂತ ಮೇಸ್ತ್ರಿ ಹೇಳಿದರೆ ಕೇಳಬೇಡಿ. ಅದಿಲ್ಲದಿದ್ದರೆ ನೆಲದ ತೇವ ಕಾಂಕ್ರೀಟಿನಲ್ಲಿ ಮೇಲೇರಿ ಶೆಡ್ಡಿನ ಗಾಳಿ ಸೇರುತ್ತದೆ. ರಾತ್ರಿ ತಗಡು ಗಾಳಿಗಿಂತ ಬೇಗ ತಣಿಯುತ್ತದೆ, ಆ ತೇವ ಅದರ ಅಡಿಯಲ್ಲಿ ಹನಿಗಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ. ಮಾಡು ಸೋರುತ್ತಿದೆ ಅಂದುಕೊಂಡು ಜನ ಸ್ಕ್ರೂ ಬಿಗಿ ಮಾಡುತ್ತಾರೆ. ರಬ್ಬರ್ ವಾಷರ್ ಒತ್ತಿ ಸೀಳುತ್ತದೆ, ಆಮೇಲೆ ನಿಜವಾಗಿಯೂ ಸೋರುತ್ತದೆ. ಸ್ಕ್ರೂ ತಗಡಿನ ಉಬ್ಬಿನ ಮೇಲೆ ಬರಲಿ, ವಾಷರ್ ಸ್ವಲ್ಪ ಅದುಮಿದರೆ ಸಾಕು.

ಗೋಡೆಯ ತಲೆಗೂ ಮಾಡಿಗೂ ನಡುವೆ ಸುತ್ತಲೂ ನಾಲ್ಕು ಇಂಚು ಸಂದಿ ಬಿಟ್ಟು ಕಾಲು ಇಂಚಿನ ಬೆಸುಗೆ ಜಾಲರಿ ಹೊಡೆಸಿ. ಗಾಳಿ ಆಡುತ್ತದೆ, ಇಲಿ ಬರುವುದಿಲ್ಲ. ಇಲಿ ಬಾರದಿದ್ದರೆ ಅದರ ಹಿಂದೆ ಹಾವು ಬರುವ ಭಯವೂ ಕಡಿಮೆ. ತಗಡು 0.50 ಮಿಲಿಮೀಟರಿನದು ತೆಗೆದುಕೊಳ್ಳಿ, ಆರು ಅಡಿಗೆ ಒಂದೂವರೆ ಅಡಿ ಇಳಿಜಾರು ಕೊಡಿ, ಪಡುವಣ ಬದಿಗೆ ಮಾಡನ್ನು ಒಂದೂವರೆ ಅಡಿ ಹೊರಚಾಚಿ. ಮುಂಗಾರಿನ ಗಾಳಿ ನೈಋತ್ಯದಿಂದ ಹೊಡೆಯುವುದರಿಂದ ಬಾಗಿಲು ಮೂಡಣಕ್ಕಿರಲಿ, ಹೊರಕ್ಕೆ ತೆರೆಯಲಿ, ಒಂಟಿಚಕ್ರದ ಗಾಡಿ ಒಳಹೋಗಲು ಮೂರೂವರೆ ಅಡಿ ಅಗಲವಿರಲಿ. ಹಳೆ ಮನೆ ಕೆಡವಿದ ಮಂಗಳೂರು ಹೆಂಚು ಸಿಕ್ಕರೆ ತಗಡಿನ ಮಾಡು ಬಿಟ್ಟೇಬಿಡಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಈ ಹೆಂಚು ಇವತ್ತಿಗೂ ನಮ್ಮ ಮಳೆಗೆ ಹೊಂದುತ್ತದೆ. ಸಂದುಗಳಲ್ಲಿ ಗಾಳಿ ಆಡುತ್ತದೆ, ಹೆಂಚಿನ ಸುಟ್ಟ ಮಣ್ಣು ಒಂದಿಷ್ಟು ತೇವ ಹೀರುತ್ತದೆ, ತಗಡಿನಂತೆ ಹನಿಗಟ್ಟುವುದಿಲ್ಲ. ಇಳಿಜಾರು ಮಾತ್ರ ಮೂವತ್ತು ಡಿಗ್ರಿಯ ಹತ್ತಿರ ಬೇಕು, ಹೆಂಚು ಹೊರುವ ಮರದ ಪಕಾಸಿ-ರೀಪು ಗಟ್ಟಿಯಿರಬೇಕು.

ಇಷ್ಟೆಲ್ಲ ಹೇಳಿದೆ, ಆದರೆ ಹತ್ತು ಗುಂಟೆಗೆ ಬೇರೆ ಶೆಡ್ಡೇ ಬೇಕೆಂದು ನನಗೆ ಅನಿಸುವುದಿಲ್ಲ. ಮನೆಯ ಮೂಡಣ ಗೋಡೆಗೆ ಒರಗಿಸಿ ನಾಲ್ಕಡಿ ಅಗಲದ ಮಾಡು ಇಳಿಸಿ, ಎರಡು ಬದಿ ಮುಚ್ಚಿ, ಮುಂದೆ ಬಾಗಿಲಿಟ್ಟರೆ ಒಂದಿಡೀ ಗೋಡೆಯ ಖರ್ಚು ಉಳಿಯಿತು. ಗುದ್ದಲಿ, ಹಾರೆ, ಸಲಿಕೆ ಗೋಡೆಗೆ ನೇತುಬೀಳಲಿ. ಕಳೆ ಕೊಚ್ಚುವ ಯಂತ್ರ ಸುಮಾರು ಆರಡಿ ಉದ್ದ, ಅದನ್ನೂ ಅಡ್ಡ ನೇತುಹಾಕಿ. ಜಾಗ ತಿನ್ನುವುದು ಗೊಬ್ಬರದ ಚೀಲ, ಅದನ್ನು ಮಳೆಗಾಲಕ್ಕೆ ಕೂಡಿಡುವುದೇ ತಪ್ಪು. ಗಾಳಿಯ ತೇವ ಶೇಕಡಾ 75ರ ಆಸುಪಾಸು ದಾಟಿತೆಂದರೆ ಯೂರಿಯಾ ನೀರು ಹೀರಿಕೊಳ್ಳಲು ತೊಡಗುತ್ತದೆ; ಜುಲೈಯಲ್ಲಿ ಬಾಯಿ ತೆರೆದಿಟ್ಟ 45 ಕಿಲೋ ಚೀಲ ಹೆಂಟೆಯಾಗಿ, ಕೊನೆಗೆ ಗಂಜಿಯಾಗುತ್ತದೆ. ಪೊಟ್ಯಾಷ್ ತಾಗಿದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬೇಕಾದಷ್ಟನ್ನೇ ತಂದು, ಉಳಿದದ್ದನ್ನು ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ, ಮರದ ಹಲಗೆಯ ಮೇಲೆ ಗೋಡೆಯಿಂದ ಅರ್ಧ ಅಡಿ ದೂರ ಇಡಿ. ಪೆಟ್ರೋಲ್ ಕ್ಯಾನನ್ನು ಗೊಬ್ಬರದ ಹತ್ತಿರ ಇಡಲೇಬೇಡಿ. ಕೀಟನಾಶಕಕ್ಕೆ ಬೀಗ ಹಾಕಿದ ಬೇರೆ ಪೆಟ್ಟಿಗೆ ಬೇಕು, ಮಕ್ಕಳ ಕೈಗೆಟುಕದ ಎತ್ತರದಲ್ಲಿ. ಬಿತ್ತನೆ ಬೀಜವನ್ನು ಶೆಡ್ಡಿನಲ್ಲಿ ಇಡಬೇಡಿ, ಚೆನ್ನಾಗಿ ಒಣಗಿಸಿ ಡಬ್ಬಿಗೆ ಹಾಕಿ ಮನೆಯೊಳಗೇ ಇಟ್ಟುಕೊಳ್ಳಿ.