ಮೊದಲ ಬೈಕಿಗೆ 125 ಸಿಸಿ ಸಾಕಾ, 350 ತಗೊಳ್ಳಬೇಕಾ?

ನಿಮಗೆ 23 ವರ್ಷ, ಎತ್ತರ 5 ಅಡಿ 2 ಇಂಚು, ಗೇರ್ ಬೈಕ್ ಇದುವರೆಗೆ ಓಡಿಸಿಲ್ಲ, ದಿನಾ ಸಿಟಿಯೊಳಗೆ ಓಡಾಟ, ಆದರೂ ಮನಸ್ಸು 350 ಸಿಸಿ ಮೇಲಿದೆ ಎಂದು ಬರೆದಿದ್ದೀರಿ. ಮೊದಲು 100 ಅಥವಾ 125 ಸಿಸಿ ತಗೊಳ್ಳಿ ಅನ್ನುವವಳು ನಾನು. ಮುಖ್ಯ ಕಾರಣ ತೂಕ.

ನನ್ನ ಎತ್ತರವೂ ಹೆಚ್ಚುಕಡಿಮೆ ನಿಮ್ಮಷ್ಟೇ. ಕಲಿತದ್ದು ಅಪ್ಪನ ಹಳೆಯ 100 ಸಿಸಿ ಬೈಕಿನಲ್ಲಿ, ಸ್ಕೂಲ್ ಮೈದಾನದಲ್ಲಿ. ಮೊದಲ ವಾರ ಮೂರು ಸಲ ಬಿದ್ದೆ. ಮೂರು ಸಲವೂ ಒಬ್ಬಳೇ ಎತ್ತಿ ನಿಲ್ಲಿಸಿದೆ. ಹಾಳಾದದ್ದು ಒಂದು ಇಂಡಿಕೇಟರ್, ಒಂದು ಕ್ಲಚ್ ಲಿವರ್ ಅಷ್ಟೇ. ಆಮೇಲೊಮ್ಮೆ ಗೆಳತಿಯ ದೊಡ್ಡ ಬೈಕನ್ನು ಏರು ರಸ್ತೆಯಲ್ಲಿ ನಿಲ್ಲಿಸಿದೆ. ಕಾಲಡಿ ಜಲ್ಲಿ ಜಾರಿತು, ಬೈಕ್ ವಾಲಿತು. ಹಿಡಿಯಲು ಆಗಲೇ ಇಲ್ಲ. ಇಬ್ಬರು ಬಂದು ಎತ್ತಿಕೊಡಬೇಕಾಯಿತು.

ಶೋರೂಮಿನಲ್ಲಿ ಇದು ಗೊತ್ತಾಗುವುದಿಲ್ಲ. 100 ಸಿಸಿಯ ಹೀರೋ ಸ್ಪ್ಲೆಂಡರ್ ಸೀಟಿನ ಎತ್ತರ 785 ಮಿಲಿಮೀಟರ್, ರಾಯಲ್ ಎನ್‌ಫೀಲ್ಡ್ ಹಂಟರ್ 350ಯದು 790. ಎರಡರಲ್ಲೂ ಕಾಲು ಒಂದೇ ಥರ ಎಟುಕುತ್ತದೆ. ಆದರೆ ಮೊದಲನೆಯದು ಸುಮಾರು 112 ಕೆಜಿ, ಎರಡನೆಯದು 181. ಮಧ್ಯೆ ಒಬ್ಬ ಆಳಿನ ತೂಕ! ಅದಕ್ಕೆ ಸುಮ್ನೆ ಕೂತು ನೋಡಬೇಡಿ. ಇಂಜಿನ್ ಆಫ್ ಇರುವಾಗ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡಿ. ಪಾರ್ಕಿಂಗಿನಲ್ಲಿ ದಿನಾ ಮಾಡಬೇಕಾದ ಕೆಲಸ ಅದು, ಅಲ್ವಾ?

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು, ಹಾಗಾಗಿ 350 ಈಗ ಅಗ್ಗ ಅನ್ನುತ್ತಾರೆ. ನಿಜವೇ, ಆದರೆ 125ಕ್ಕೂ ಅಷ್ಟೇ ಇಳಿದಿದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಬೈಕಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ) 150 ಸಿಸಿ ದಾಟಿದರೆ ಜಾಸ್ತಿ, ಹೊಸ ಬೈಕಿಗೆ ಅದನ್ನು ಐದು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು. ಪೆಟ್ರೋಲ್ ಲೆಕ್ಕ ಬೇರೆ. ಇನ್ನು ಸ್ಪ್ಲೆಂಡರ್, ಶೈನ್ ಥರದ ಬೈಕಿಗೆ ಯಾವ ಹಳ್ಳಿಯಲ್ಲೂ ಮೆಕ್ಯಾನಿಕ್ ಸಿಗುತ್ತಾನೆ. ಮಾರುವಾಗಲೂ ಗಿರಾಕಿ ಬೇಗ ಬರುತ್ತಾರೆ.

ಚಿಕ್ಕ ಬೈಕಿನಲ್ಲಿ ಮಜಾ ಇಲ್ಲ ಅನ್ನುವವರಿಗೆ ಯಮಹಾ ಆರ್‌ಎಕ್ಸ್ 100 ನೆನಪಿಸುತ್ತೇನೆ. ಅದು 98 ಸಿಸಿ, 1996ರಲ್ಲೇ ನಿಂತುಹೋಯಿತು. ಇವತ್ತಿಗೂ ಜನ ಹುಡುಕಿಕೊಂಡು ಹೋಗಿ ದುಡ್ಡು ಕೊಡುತ್ತಾರೆ. ಹಗುರ ಬೈಕಿನಲ್ಲಿ ಕ್ಲಚ್, ಗೇರ್, ಆಕ್ಸಿಲೇಟರ್ ಮೂರೂ ಒಟ್ಟಿಗೆ ಕೂಡಿ ಬಂದ ದಿನದ ಖುಷಿ ನನಗೆ ಇನ್ನೂ ನೆನಪಿದೆ.

ಕೊರತೆಯೂ ಇದೆ. ಹಿಂದೆ ಒಬ್ಬರು ಕೂತರೆ ಘಾಟಿ ರಸ್ತೆಯಲ್ಲಿ ಏದುಸಿರು ಬಿಡುತ್ತದೆ. ಹೈವೇಯಲ್ಲಿ ಬಸ್ ಹಿಂದಿಕ್ಕಲು ದೂರ ಬೇಕು. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಎಬಿಎಸ್, 125 ಸಿಸಿವರೆಗಿನ ಬೈಕಿಗೆ 2025ರವರೆಗೆ ಕಡ್ಡಾಯವೂ ಆಗಿರಲಿಲ್ಲ. ಎಬಿಎಸ್ ಇರುವ 125 ಬೈಕುಗಳು ಇವೆ, ಬಜೆಟ್ ಇದ್ದರೆ ಅದನ್ನೇ ನೋಡಿ. ಇಲ್ಲದಿದ್ದರೆ ಮೊದಲ ತಿಂಗಳು ಭಾನುವಾರ ಬೆಳಗ್ಗೆ ಖಾಲಿ ಜಾಗಕ್ಕೆ ಹೋಗಿ, ಹೆಲ್ಮೆಟ್ ಹಾಕಿಕೊಂಡು, 20ರ ಸ್ಪೀಡಿನಿಂದ ಶುರು ಮಾಡಿ ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ನಿಲ್ಲಿಸುವುದನ್ನೇ ಕಲಿಯಿರಿ. ಅಲ್ಲಿಯವರೆಗೆ ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ.