ಸಣ್ಣ ಸಹಕಾರ ಸಂಘದ ನೌಕರರಿಗೆ ಕೆಲಸದಲ್ಲಿ ಹುರುಪು ಬರೋದು ಯಾವುದರಿಂದ? ಬೋನಸ್ ಏರಿಸಿದ್ರೆ ಸಾಕಾ?

ಆರು ಜನ ಸಿಬ್ಬಂದಿ ಇರೋ ಸೊಸೈಟಿಗೆ ಹೊಸದಾಗಿ ನಿರ್ದೇಶಕರಾಗಿ ಬಂದಿದೀರಿ, ಯಾರಿಗೂ ಕೆಲಸದಲ್ಲಿ ಮನಸ್ಸಿಲ್ಲ, ಬೋನಸ್ ಏರಿಸೋಣ್ವಾ ಅಂತ ಕೇಳಿದೀರಿ. ನಾನು ಮಲೆನಾಡಿನ ಕಡೆ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ ಗುಮಾಸ್ತನಾಗಿ ಸೇರಿ ಕಾರ್ಯದರ್ಶಿಯಾಗಿ ರಿಟೈರ್ ಆದವನು, ಕೌಂಟರ್ ಒಳಗೆ ಕೂತು ಕಂಡಿದ್ದನ್ನ ಹೇಳ್ತೀನಿ. ಬೋನಸ್ ಕೊಡಿ, ಬೇಡ ಅನ್ನಲ್ಲ. ಆದ್ರೆ ರೋಗ ಅಲ್ಲಿಲ್ಲ ಅಂತ ನನ್ನ ಅನಿಸಿಕೆ.

ಮೊದಲು ಒಂದು ವಿಷಯ, ಸಹಕಾರಿ ಅಂದ ಕೂಡ್ಲೆ ನೌಕರರೂ ಮಾಲೀಕರೇ ಅನ್ನೋ ಭಾವನೆ ತುಂಬಾ ಜನಕ್ಕಿದೆ. ಇಂಡಿಯನ್ ಕಾಫಿ ಹೌಸ್ ಹಾಗೆ ನಡೆಯತ್ತೆ, ಕಾಫಿ ಬೋರ್ಡ್ ಅಂಗಡಿ ಮುಚ್ಚಿ ಕೆಲಸಗಾರರನ್ನ ಮನೆಗೆ ಕಳಿಸೋಕೆ ಹೊರಟಾಗ ಅವರೇ ಸಂಘ ಕಟ್ಕೊಂಡ್ರು, ಮೊದಲನೇದು 1957ರಲ್ಲಿ ನಮ್ಮ ಬೆಂಗಳೂರಲ್ಲೇ ಶುರುವಾಗಿದ್ದು. ಅಲ್ಲಿ ಕಾಫಿ ತಂದಿಡೋನೂ ಸದಸ್ಯ. ನಮ್ಮ ಪತ್ತಿನ ಸಂಘದಲ್ಲಿ ಹಾಗಲ್ಲ, ಮಾಲೀಕರು ಅಂದ್ರೆ ಷೇರುದಾರ ರೈತರು, ನಮಗೆ ಸಂಬಳ ಅಷ್ಟೆ. ಅದ್ರಲ್ಲೂ ಮಾಲೀಕ ಒಬ್ಬನಾದ್ರೆ ಪರವಾಗಿಲ್ಲ, ಇಲ್ಲಿ ಗೊಬ್ಬರದ ಚೀಲ ತಗೊಳಕ್ಕೆ ಬಂದ ಪ್ರತಿಯೊಬ್ರೂ "ಇದು ನಮ್ ಸೊಸೈಟಿ ಕಣಯ್ಯ" ಅಂತ ಗದರಿಸಿ ಹೋಗ್ಬೋದು, ಮೇಲಿಂದ ಐದು ವರ್ಷಕ್ಕೊಂದ್ಸಲ ಚುನಾವಣೆ ಆಗಿ ಹಳೇ ಆಡಳಿತ ಮಂಡಳಿ ಹೇಳಿದ್ದನ್ನೆಲ್ಲ ಹೊಸಬ್ರು ಉಲ್ಟಾ ಮಾಡ್ತಾರೆ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಶೂನ್ಯ ಬಡ್ಡಿ ಬೆಳೆಸಾಲದ ಮಿತಿನ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ರು ಅಲ್ವಾ, ಆ ಶೂನ್ಯ ಉಳಿಯೋದು ವಾಯಿದೆ ಒಳಗೆ ಕಟ್ಟಿದ್ರೆ ಮಾತ್ರ, ತಪ್ಪಿದ್ರೆ ಬಡ್ಡಿ ಬೀಳತ್ತೆ. ಹಾಗಾಗಿ ವಾಯಿದೆ ಹತ್ರ ಬಂದ ಹಾಗೆ ಸಿಬ್ಬಂದಿ ಮನೆಮನೆಗೆ ಹೋಗಿ, ಫೋನ್ ಮಾಡಿ, ಕಾಡಿಬೇಡಿ ಕಟ್ಟಿಸ್ತಾರೆ. ಅರ್ಧ ಎಕರೆ ಅಡಿಕೆ ತೋಟದವನ ಮನೆ ಜಗಲಿ ಮೇಲೆ ಕೂತು "ನಾಳೆ ಕಟ್ಲೇಬೇಕು ಮಾರಾಯ್ರೆ, ಕಟ್ಟಿ ಮತ್ತೆ ಹೊಸ ಸಾಲ ತಗೊಳಿ" ಅಂತ ಹೇಳಿ ಬಂದಿರೋ ಹುಡುಗ ಸಾಯಂಕಾಲ ನಿರ್ದೇಶಕರ ಭಾವನ ಮನೆಗೆ ನೋಟಿಸ್ ತಗೊಂಡು ಹೊರಡ್ತಾನೆ, ಅಷ್ಟರಲ್ಲಿ ಫೋನು. "ಅವ್ರದ್ದು ನಾನ್ ನೋಡ್ಕೊತೀನಿ, ನೀನ್ ಬಿಡು." ಆ ನೋಟಿಸ್ ಡ್ರಾಯರ್ ಸೇರತ್ತೆ. ಮಾರನೇ ವರ್ಷ ಆ ಹುಡುಗ ಯಾರ ಜಗಲಿಗೂ ಹೋಗಲ್ಲ, ಹತ್ತಕ್ಕೆ ಬಂದು ಐದಕ್ಕೆ ಹೋಗ್ತಾನೆ, ನೀವು ಎರಡು ತಿಂಗಳ ಸಂಬಳ ಬೋನಸ್ ಕೊಟ್ರೂ ತಗೊಂಡು ನಮಸ್ಕಾರ ಹೇಳ್ತಾನೆ ಅಷ್ಟೆ. ನಾನು ನೋಡಿದ ಹಾಗೆ ಸಂಬಳ ಕಡಿಮೆ ಅಂತ ಬೇಜಾರಾಗಿ ಕೆಲಸ ಕೆಡಿಸಿದೋರಿಗಿಂತ ಹಿಂಗೆ ಮುಖಭಂಗ ಆಗಿ ಕೈಬಿಟ್ಟೋರೇ ಜಾಸ್ತಿ.

ಉಲ್ಟಾ ಉದಾಹರಣೆನೂ ಇದೆ. 2018ರ ಸಾಲಮನ್ನಾ ಟೈಮಲ್ಲಿ ಆಧಾರ್, ರೇಷನ್ ಕಾರ್ಡ್, ಸ್ವಯಂ ದೃಢೀಕರಣ ಅಂತ ಕಾಗದದ ರಾಶಿ, ರಾತ್ರಿ ತನಕ ಎಂಟ್ರಿ, ಹೆಸರು ಬರದೇ ಇದ್ದೋರು ಬಂದು ಬಯ್ಯೋದು ನಮಗೇ. ಆಗಿನ ನಮ್ಮ ಅಧ್ಯಕ್ಷರು ಓದಿದ್ದು ಅಷ್ಟಕ್ಕಷ್ಟೆ, ಆದ್ರೆ ಪಟ್ಟಿ ಕೈಲಿ ಹಿಡ್ಕೊಂಡು ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತುಬಿಟ್ರು, "ಬಯ್ಯೋದಿದ್ರೆ ನನ್ನ ಬಯ್ರಿ, ಒಳಗಿನೋರು ಕೆಲಸ ಮಾಡ್ಲಿ". ಓವರ್‌ಟೈಂ ಅಂತ ಒಂದು ರೂಪಾಯಿ ಸಿಗ್ಲಿಲ್ಲ, ಆದ್ರೂ ಯಾರೂ ರಜಾ ಕೇಳ್ಲಿಲ್ಲ.

ಹಂಗಂತ ದುಡ್ಡು ಮುಖ್ಯ ಅಲ್ಲ ಅಂದ್ಕೊಬೇಡಿ (ಈ ಮಾತನ್ನ ಸಂಬಳ ಕೊಡೋರೇ ಜಾಸ್ತಿ ಹೇಳೋದು). ಬೋನಸ್ ಕಾನೂನು ಲಾಗೂ ಆಗೋದು 20 ಜನ ಇದ್ರೆ, ಗ್ರಾಚ್ಯುಟಿಗೆ (ಕೆಲಸ ಬಿಡೋವಾಗ ಸಿಗೋ ಇಡಿಗಂಟು) 10 ಜನ ಬೇಕು. ನಿಮ್ಮ ಆರು ಜನ ಎರಡರಿಂದನೂ ಹೊರಗೆ, ಅಂದ್ರೆ ಅವರ ಮುಪ್ಪಿನ ಕಾಲದ ಲೆಕ್ಕ ಪೂರ್ತಿ ನಿಮ್ಮ ಬೋರ್ಡ್ ಕೈಲಿದೆ. ಅದಕ್ಕೇ ಹೇಳೋದು, ಬೋನಸ್ ಪರ್ಸೆಂಟ್ ಚರ್ಚೆ ಮಾಡೋ ಮೊದ್ಲು ಸಭೆ ತೀರ್ಮಾನ ಬರೆದಿಡೋ ಠರಾವು ಪುಸ್ತಕ ತೆಗೆದು ನೋಡಿ, ದಿನಗೂಲಿ ಅಂತ ಸೇರಿಸ್ಕೊಂಡು ವರ್ಷಾನುಗಟ್ಟಲೆ ಹಾಗೇ ಬಿಟ್ಟಿರೋರು ಯಾರಿದಾರೆ, ಇಂಕ್ರಿಮೆಂಟ್ ಕೊನೇಸಲ ಯಾವಾಗ ಆಗಿದ್ದು, ಸೇವಾ ನಿಯಮ ಬರವಣಿಗೆಲಿ ಇದ್ಯಾ, ಇಲ್ಲಾ ಅಧ್ಯಕ್ಷರ ಬಾಯಲ್ಲಿದ್ಯಾ.

ಆಮೇಲೆ ಪಿಗ್ಮಿ, ಅಂದ್ರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟೋ ಠೇವಣಿ, ಕಟ್ಟಿಸ್ಕೊಳೋರು ಇದ್ರೆ ಅವರನ್ನ ಲೆಕ್ಕಕ್ಕೆ ತಗೊಂಡಿದೀರಾ? ನೀವು ಹೇಳಿದ ಆರರಲ್ಲಿ ಅವ್ರು ಇರಲಿಕ್ಕಿಲ್ಲ, ಕಮಿಷನ್ ಮೇಲಿರೋದ್ರಿಂದ ಸಾಮಾನ್ಯವಾಗಿ ಯಾರೂ ಎಣಿಸಲ್ಲ. ಮಳೆಯಲ್ಲೂ ಅಂಗಡಿ ಅಂಗಡಿ ಸುತ್ತಿ ಠೇವಣಿ ತರೋರು ಅವರು, ಪೇಟೆಲಿ ನಿಮ್ಮ ಸೊಸೈಟಿ ಬಗ್ಗೆ ಜನ ಏನ್ ಮಾತಾಡ್ತಾರೆ, ಯಾವ ನಿರ್ದೇಶಕರ ಕಡೆಯವರ ಸಾಲ ಬಾಕಿ ಇದೆ, ಎಲ್ಲಾ ಗೊತ್ತಿರತ್ತೆ. ಒಂದ್ಸಲ ಕೂರಿಸ್ಕೊಂಡು ಚಾ ಕೊಟ್ಟು ಕೇಳಿ.