ಪುಸ್ತಕ ಎಣಿಸೋಕೆ ಬಾಗಿಲು ಹಾಕಬೇಕಿಲ್ಲ

ದಾವಣಗೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಮಗಳು ಕನ್ನಡ ಎಂ.ಎ. ಓದುತ್ತಿದ್ದಾಳೆ. ಕಾಲೇಜು ಅಧ್ಯಾಪಕರ ಅರ್ಹತೆಗಿರುವ ನೆಟ್ ಪರೀಕ್ಷೆಯ ಜೂನ್ ಸುತ್ತಿಗೆ ಕೂರಬೇಕು. ರಜೆಯಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದರೆ, ಸ್ಟಾಕ್ ವೆರಿಫಿಕೇಶನ್ ನಡೀತಿದೆ, ತಿಂಗಳು ಬಿಟ್ಟು ಬನ್ನಿ ಎಂದು ವಾಪಸ್ ಕಳಿಸಿದರಂತೆ. ಪುಸ್ತಕ ಎಣಿಸಲು ಒಂದು ತಿಂಗಳೇ? ಓದಲು ಬಿಡುವು ಸಿಗುವುದೇ ಬೇಸಿಗೆಯಲ್ಲಿ. ಆಗಲೇ ಬೀಗ ಹಾಕಿದರೆ ಆ ಗ್ರಂಥಾಲಯ ಯಾರಿಗಾಗಿ ಇದೆ?"

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಎಣಿಕೆಯ ಮೇಲೆ ಸಿಟ್ಟಾಗಬೇಡಿ, ಬೀಗದ ಮೇಲೆ ಆಗಿ. ಎಣಿಕೆ ಬೇಕೇಬೇಕು. ಅದಕ್ಕಾಗಿ ಇಡೀ ಕಟ್ಟಡ ಮುಚ್ಚುವುದು ಮಾತ್ರ ಅಭ್ಯಾಸಬಲ. ಹಿಂದಿನವರು ಮುಚ್ಚುತ್ತಿದ್ದರು, ಇವರೂ ಮುಚ್ಚುತ್ತಾರೆ, ಯಾರೂ ಕೇಳಿಲ್ಲ. ನೀವು ಕೇಳಿದ್ದೀರಿ, ಅದಕ್ಕೇ ಸ್ವಲ್ಪ ಉದ್ದವಾಗಿ ಉತ್ತರಿಸುತ್ತಿದ್ದೇನೆ.

ಮೊದಲು ಆ ಎಣಿಕೆ ಅಂದರೆ ಏನು ಅಂತ ನೋಡೋಣ. ಹೊರಗಿನವರಿಗೆ ಅದು ಒಂದು, ಎರಡು, ಮೂರು ಅಂತ ಲೆಕ್ಕ ಹಾಕುವ ಕೆಲಸದಂತೆ ಕಾಣುತ್ತದೆ. ಒಳಗೆ ಹೋಗಿ ನೋಡಿದರೆ ಬೇರೆ. ಒಬ್ಬರು ರ‍್ಯಾಕಿನ ಮುಂದೆ ನಿಂತು ಒಂದೊಂದೇ ಪುಸ್ತಕ ಎಳೆದು ಅದಕ್ಕೆ ಗ್ರಂಥಾಲಯ ಕೊಟ್ಟ ಕ್ರಮಸಂಖ್ಯೆ, ಅಂದರೆ ಅಕ್ಸೆಷನ್ ನಂಬರ್ ಕೂಗುತ್ತಾರೆ, ಇನ್ನೊಬ್ಬರು ರಿಜಿಸ್ಟರಿನಲ್ಲಿ ಗುರುತು ಹಾಕುತ್ತಾರೆ. ಬಾರ್‌ಕೋಡ್ ಇರುವ ಕಡೆ ಟ್ರಾಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಕ್ಯಾನ್ ಮಾಡುತ್ತಾ ಹೋಗುತ್ತಾರೆ. ಹಳೇ ಪುಸ್ತಕಗಳ ಬೆನ್ನಿನ ಚೀಟಿ ಉದುರಿರುತ್ತದೆ, ಮತ್ತೆ ಬರೆದು ಅಂಟಿಸಬೇಕು. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದರ ಮುಂದೆ 1 ಬಂದರೆ ಕಾವ್ಯ, 2 ಬಂದರೆ ನಾಟಕ, 3 ಬಂದರೆ ಕಾದಂಬರಿ, ಕಥೆ. ಆ ಕೊನೆಯ ಒಂದು ಅಂಕಿ ತಪ್ಪಿ ನಾಟಕವೊಂದು ಕಾದಂಬರಿಗಳ ನಡುವೆ ಕೂತುಬಿಟ್ಟರೆ ಮುಗೀತು, ಕಂಪ್ಯೂಟರ್ 'ಪುಸ್ತಕ ಇದೆ' ಅನ್ನುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಕೆಲವು ಹುಡುಗರು ಬೇರೆಯವರಿಗೆ ಸಿಗದಿರಲಿ ಅಂತ ಬೇಕಾದ ಪುಸ್ತಕವನ್ನು ಭೂಗೋಳದ ರ‍್ಯಾಕಿನಲ್ಲೋ, ದಪ್ಪ ನಿಘಂಟುಗಳ ಹಿಂದೆಯೋ ತುರುಕಿಟ್ಟು ಹೋಗಿರುತ್ತಾರೆ. ವರ್ಷಗಟ್ಟಲೆ ಕಳೆದುಹೋಗಿದೆ ಅಂದುಕೊಂಡ ಪುಸ್ತಕ ಹೀಗೆ ಬೇಸಿಗೆಯ ಒಂದು ಮಧ್ಯಾಹ್ನ ಕೈಗೆ ಸಿಗುತ್ತದೆ. ಇದು ಸಣ್ಣ ಕೆಲಸವಲ್ಲ. ಇದನ್ನು ಮಾಡುವವರ ಮೇಲೆ ನನಗೆ ನಿಜವಾಗಿಯೂ ಗೌರವ ಇದೆ. ಧೂಳು, ಸೆಕೆ, ಮೂಗಿಗೆ ಕಟ್ಟಿದ ಕರವಸ್ತ್ರ, ಇಷ್ಟರ ನಡುವೆ ದಿನವಿಡೀ ಅದೇ ಕೆಲಸ.

ಇದರ ಜೊತೆಗೆ ಬೇಸಿಗೆಯಲ್ಲೇ ಆಗಬೇಕಾದ ಕೆಲಸ ಇನ್ನೂ ಇವೆ. ಹರಿದದ್ದನ್ನು ಬೈಂಡಿಂಗಿಗೆ ಕಳಿಸಬೇಕು. ಮೃಗಶಿರಾ ಮಳೆ ಹಿಡಿಯುವುದರೊಳಗೆ ತಾರಸಿಯ ನೀರಿನ ಕೊಳವೆ ಶುಚಿ ಮಾಡಿಸಬೇಕು, ಗೋಡೆಗೆ ತಾಗಿದ ರ‍್ಯಾಕುಗಳನ್ನು ಸ್ವಲ್ಪ ಈಚೆಗೆ ಎಳೆಯಬೇಕು, ಇಲ್ಲದಿದ್ದರೆ ಮೊದಲ ಮಳೆಯ ತೇವಕ್ಕೆ ಗೆದ್ದಲು ಹತ್ತುತ್ತದೆ. ತಾಳೆಗರಿಯ ಹಸ್ತಪ್ರತಿ ಇರುವ ಕಡೆ ಅದರ ಆರೈಕೆಯೇ ಬೇರೆ: ಮೆತ್ತಗೆ ಧೂಳು ತೆಗೆದು, ಗರಿ ಒಣಗಿ ಮುರಿಯದಿರಲಿ ಅಂತ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ. ಮನೆಯಲ್ಲಿ ಹಳೇ ಪುಸ್ತಕ ಇಟ್ಟುಕೊಂಡವರಿಗೂ ಒಂದು ಮಾತು. ತೇವ ಹೋಗಲಿ ಅಂತ ಪುಸ್ತಕಗಳನ್ನು ಬಿಸಿಲಿಗೆ ಹರವಬೇಡಿ. ನೇರ ಬಿಸಿಲಿಗೆ ಕಾಗದ ಹಳದಿಯಾಗಿ ಪುಡಿಪುಡಿಯಾಗುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ ಇಡಿ, ಸಾಕು.

ಇನ್ನು ಬೀಗದ ವಿಷಯ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳು ಗ್ರಂಥಾಲಯದ ಎಣಿಕೆ ಹೇಗಿರಬೇಕು ಅಂತ ಹೇಳುತ್ತವೆ. 20,000 ಪುಸ್ತಕಗಳವರೆಗೆ ಇದ್ದರೆ ಪ್ರತಿ ವರ್ಷ ಪೂರ್ತಿ ಎಣಿಕೆ. 20,000ದಿಂದ 50,000ದವರೆಗೆ ಇದ್ದರೆ 3 ವರ್ಷಕ್ಕೊಮ್ಮೆ. 50,000ಕ್ಕಿಂತ ಜಾಸ್ತಿ ಇದ್ದರೆ 3 ವರ್ಷ ಮೀರದಂತೆ ಮಾದರಿ ಎಣಿಕೆ, ಅಂದರೆ ಕೆಲವನ್ನು ಮಾತ್ರ ಆರಿಸಿ ಎಣಿಕೆ ಮಾಡಿದರೆ ಸಾಕು, ಅದರಲ್ಲಿ ವಿಪರೀತ ನಷ್ಟ ಕಂಡರೆ ಮಾತ್ರ ಪೂರ್ತಿ ಎಣಿಕೆ. ಜೊತೆಗೆ ಇನ್ನೊಂದು ದೊಡ್ಡ ಮಾತಿದೆ: ವರ್ಷದಲ್ಲಿ ಓದುಗರ ಕೈಗೆ ಹೋದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ, ಮೋಸ ಅಥವಾ ನಿರ್ಲಕ್ಷ್ಯ ಇರಬಾರದು ಅಷ್ಟೆ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಅವುಗಳದ್ದೇ ನಿಯಮಗಳಿರುತ್ತವೆ, ನಿಜ. ಆದರೂ ಈ ಅಂಕಿಗಳನ್ನು ಹೇಳಿದ್ದಕ್ಕೆ ಕಾರಣ ಇದೆ. ಲಕ್ಷಗಟ್ಟಲೆ ಪುಸ್ತಕ ಇರುವ ಕಡೆ ಎಲ್ಲವನ್ನೂ ಒಂದೇ ಬೇಸಿಗೆಯಲ್ಲಿ, ಎಲ್ಲರನ್ನೂ ಹೊರಗೆ ಹಾಕಿ ಎಣಿಸಲೇಬೇಕು ಅಂತ ಈ ನಿಯಮ ಮಾಡಿದವರಿಗೂ ಅನ್ನಿಸಿಲ್ಲ.

ಹಾಗಾದರೆ ಮುಚ್ಚುವುದು ಯಾಕೆ? ನನಗೆ ತಿಳಿದ ಮಟ್ಟಿಗೆ ಅದರ ಹಿಂದೆ ಭಯ ಇದೆ. ಕಳೆದ ಪುಸ್ತಕದ ಬೆಲೆ ನನ್ನ ಸಂಬಳದಿಂದ ಹೋಗುತ್ತದೆ ಅನ್ನುವ ಭಯ ನಮ್ಮ ಗ್ರಂಥಪಾಲಕರನ್ನು ಬಹಳ ಕಾಲ ಕಾಡಿದೆ. ಆ ಭಯ ಇದ್ದವರು ಪುಸ್ತಕಕ್ಕೆ ಕಾವಲು ಕಾಯುತ್ತಾರೆ, ಓದುಗರನ್ನು ಅನುಮಾನದಿಂದ ನೋಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಅವರ ಮೇಲಿನವರು ಆ ಭಯ ತೆಗೆಯಬೇಕು. ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ 5 ಸೂತ್ರಗಳನ್ನು ಕೊಟ್ಟರು, ಅದರಲ್ಲಿ ಮೊದಲನೆಯದು ಪುಸ್ತಕಗಳು ಇರುವುದು ಬಳಸಲಿಕ್ಕೆ ಅನ್ನುವುದು. ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು ಅವರು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಗೆ ಕೇಂದ್ರ ಶುರು ಮಾಡಿದರು. ಅವರ ಸೂತ್ರಗಳನ್ನು ಬಾಯಿಪಾಠ ಮಾಡಿ ಪಾಸಾದವರೇ ನಮ್ಮ ಕೌಂಟರುಗಳಲ್ಲಿ ಕೂತಿದ್ದಾರೆ, ಹಾಗಾಗಿ ಇದನ್ನು ಅವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ, ಧೈರ್ಯ ಕೊಟ್ಟರೆ ಸಾಕು.

ದಾರಿ ಇದೆ, ಕಷ್ಟವೂ ಅಲ್ಲ. ವಿಭಾಗ ವಿಭಾಗವಾಗಿ ಎಣಿಸಿ. ಈ ವಾರ ವಿಜ್ಞಾನ, ಮುಂದಿನ ವಾರ ಇತಿಹಾಸ. ಎಣಿಸುವ ಸಾಲಿಗೆ ಮಾತ್ರ ಹಗ್ಗ ಕಟ್ಟಿ. ಅಲ್ಲಿನ ಪುಸ್ತಕ ಬೇಕು ಅಂದವರಿಂದ ಚೀಟಿ ಬರೆಸಿಕೊಂಡು ಸಂಜೆ ತೆಗೆದುಕೊಡಿ. ವಾಚನಾಲಯ, ಪತ್ರಿಕೆಗಳ ಕೋಣೆ, ಪಿಎಚ್.ಡಿ. ಪ್ರಬಂಧಗಳ ವಿಭಾಗ ತೆರೆದೇ ಇರಲಿ. ಬೇಸಿಗೆಯಲ್ಲಿ ಅಲ್ಲಿಗೆ ಬರುವವರು ಯಾರು ಅಂತ ಸ್ವಲ್ಪ ಯೋಚನೆ ಮಾಡಿ ನೋಡಿ. ಮನೆಯಲ್ಲಿ ಒಂದೇ ಕೋಣೆ ಇರುವವರು, ತಗಡಿನ ಶೀಟಿನ ಕೆಳಗೆ ಮೇ ತಿಂಗಳ ಮಧ್ಯಾಹ್ನ ಕೂರಲಾಗದವರು, ಹಾಸ್ಟೆಲ್ ಮೆಸ್ ಮುಚ್ಚಿದರೂ ಊರಿಗೆ ಹೋಗದೆ ಕೆಎಎಸ್, ನೆಟ್, ಕೆಸೆಟ್ ಅಂತ ಪರೀಕ್ಷೆಗಳಿಗೆ ಓದುತ್ತಿರುವವರು. ಅವರಿಗೆ ಬೇಕಾದ್ದು ಒಂದು ಮೇಜು, ಒಂದು ಫ್ಯಾನು, ಕುಡಿಯುವ ನೀರು, ನಾಲ್ಕು ಗಂಟೆ ನಿಶ್ಶಬ್ದ. ಇಷ್ಟನ್ನೂ ಕೊಡದಿದ್ದರೆ ಹೇಗೆ?

ಬೇಸಿಗೆ ಕಾರ್ಯಕ್ರಮ ಅಂದರೆ ಮಕ್ಕಳ ಶಿಬಿರವೇ ಆಗಬೇಕಿಲ್ಲ. ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ 'ಓದುವ ಬೆಳಕು' ಅಭಿಯಾನ ನಡೆಯುತ್ತಿದೆ, ಒಳ್ಳೆಯ ಕೆಲಸ, ಅದು ಮುಂದುವರಿಯಲಿ. ವಿಶ್ವವಿದ್ಯಾಲಯದ ಗ್ರಂಥಾಲಯ ಬೇರೆ ಯಾರೂ ಮಾಡಲಾಗದ್ದನ್ನು ಮಾಡಬೇಕು. ಹಸ್ತಪ್ರತಿ ಓದುವುದನ್ನು ಒಂದು ವಾರ ಕಲಿಸಲಿ. ಸಂಶೋಧನೆಗೆ ಟಿಪ್ಪಣಿ ಮಾಡಿಕೊಳ್ಳುವುದು, ಆಕರ ಹುಡುಕುವುದು ಹೇಗೆ ಅಂತ ತೋರಿಸಲಿ. ಹಳೇ ಪತ್ರಿಕೆಗಳ ಬೈಂಡ್ ಸಂಪುಟಗಳನ್ನು ಹೊರಗೆ ತೆಗೆದು ಮೇಜಿನ ಮೇಲೆ ಇಡಲಿ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಶುರು ಮಾಡಿತಲ್ಲ, ಅದರ ಒಂದು ಹಳೇ ಸಂಪುಟವನ್ನು ಕನ್ನಡ ಎಂ.ಎ. ವಿದ್ಯಾರ್ಥಿ ಒಮ್ಮೆಯಾದರೂ ಕೈಯಲ್ಲಿ ಹಿಡಿದು ತಿರುವಬೇಕು. ಗೈಡುಗಳಲ್ಲಿ ಎರಡು ಸಾಲಿಗೆ ಇಳಿದುಹೋದ ವಾದಗಳು ಅಂಥ ಪುಟಗಳಲ್ಲಿ ಇನ್ನೂ ಬಿಸಿಯಾಗಿಯೇ ಇವೆ. ಪತ್ರಿಕೆ ನಡೆಸುವವನಾಗಿ ಇದನ್ನು ಹೇಳುವಾಗ ನನಗೆ ಆಸೆ ಸ್ವಲ್ಪ ಜಾಸ್ತಿಯೇ ಇದೆ ಅನ್ನಿ.

ಈಗ ನಿಮ್ಮ ಮಗಳ ವಿಷಯ. ಬಾಗಿಲು ತೆರೆಯಲಿ ಅಂತ ಸುಮ್ನೆ ಕಾಯುವುದು ಬೇಡ. 'ಶೋಧಗಂಗಾ' ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಸಿಗುತ್ತವೆ, ಕನ್ನಡದವೂ ಇವೆ, ಯಾರು ಬೇಕಾದರೂ ಉಚಿತವಾಗಿ ಓದಬಹುದು. ಗುಜರಾತಿನ ಗಾಂಧಿನಗರದ ಸರ್ಕಾರಿ ಸಂಸ್ಥೆ ಇನ್‌ಫ್ಲಿಬ್‌ನೆಟ್ ಅದನ್ನು ನಡೆಸುತ್ತದೆ. ಪ್ರಬಂಧದ ಕೊನೆಯ ಗ್ರಂಥಋಣ ಪಟ್ಟಿಯಿಂದಲೇ ಓದು ಶುರು ಮಾಡಲು ಹೇಳಿ, ಒಂದು ವಿಷಯಕ್ಕೆ ಯಾವ ಪುಸ್ತಕ ಮುಖ್ಯ ಅಂತ ಅಲ್ಲೇ ತಿಳಿಯುತ್ತದೆ. ಸ್ನಾತಕೋತ್ತರ ಪಾಠಗಳಿಗೆ 'ಇ-ಪಿಜಿ ಪಾಠಶಾಲಾ' ಜಾಲತಾಣ ಇದೆ. ನೆಟ್‌ನ ಮೊದಲ ಪ್ರಶ್ನೆಪತ್ರಿಕೆಗೆ ಅದು ಉಪಯೋಗಕ್ಕೆ ಬರಬಹುದು. ಖರಗ್‌ಪುರದ ಐಐಟಿ ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲೂ ಹುಡುಕಲಿ. 2025ರ ಜನವರಿಯಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ಜರ್ನಲುಗಳು ಸಿಗುತ್ತಿವೆ. ಒಳ್ಳೆಯದೇ. ಆದರೆ ಕನ್ನಡ ಓದುವ ಹುಡುಗಿಗೆ ಅದರಿಂದ ಆಗುವ ಪ್ರಯೋಜನ ಕಡಿಮೆ, ಅವಳಿಗೆ ಬೇಕಾದ ಬಹುಪಾಲು ಇನ್ನೂ ಆ ರ‍್ಯಾಕುಗಳ ಮೇಲೇ ಇದೆ. ಅದಕ್ಕೇ ಬಾಗಿಲ ವಿಷಯವನ್ನು ಬಿಡಬಾರದು ಅನ್ನುತ್ತಿರುವುದು.

ಬಾಯಿಮಾತಲ್ಲಿ ಕೇಳಿದರೆ ಬಾಯಿಮಾತಲ್ಲೇ ಇಲ್ಲ ಅನ್ನುತ್ತಾರೆ. ಬರೆದು ಕೇಳಿ. ಮಗಳು ಮತ್ತು ಅವಳ ಜೊತೆಯವರು ಸಹಿ ಮಾಡಿ ಗ್ರಂಥಪಾಲಕರಿಗೆ ಒಂದು ಅರ್ಜಿ ಕೊಡಲಿ, ಪ್ರತಿಯನ್ನು ಕುಲಸಚಿವರಿಗೆ ಕಳಿಸಲಿ. ಗ್ರಂಥಾಲಯ ಸಲಹಾ ಸಮಿತಿ ಇದ್ದರೆ ಅದರ ಮುಂದೆ ಇಡಿ ಅಂತಲೂ ಬರೆಯಲಿ. ದೂರು ಬೇಡ, ಬೇಡಿಕೆ ಇರಲಿ: ಎಣಿಕೆಯ ದಿನಗಳಲ್ಲೂ ವಾಚನಾಲಯ ಬೆಳಿಗ್ಗೆಯಿಂದ ಸಂಜೆವರೆಗೆ ತೆರೆದಿರಲಿ, ಯಾವ ವಿಭಾಗದ ಎಣಿಕೆ ಯಾವ ವಾರ ಅಂತ ಮೊದಲೇ ಬಾಗಿಲಿಗೆ ಅಂಟಿಸಲಿ, ನೆಟ್ ಬರೆಯುವವರಿಗೆ ಎಣಿಕೆಗೆ ಮುಂಚೆ ನಾಲ್ಕೈದು ಪುಸ್ತಕ ರಜೆ ಮುಗಿಯುವವರೆಗೂ ಕೊಡಲಿ. ಕೊನೆಯದು ಗ್ರಂಥಾಲಯದವರಿಗೂ ಸುಲಭ, ಎರವಲು ಹೋದ ಪುಸ್ತಕದ ಲೆಕ್ಕ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಜೊತೆಗೆ ಎಣಿಕೆಗೆ ಕೈ ಜೋಡಿಸಲು ನಾವೂ ಬರುತ್ತೇವೆ ಅಂತ ನಾಲ್ಕು ಜನ ಹೆಸರು ಕೊಟ್ಟರೆ ಇನ್ನೂ ಒಳ್ಳೆಯದು. ಒಪ್ಪಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ, ಯಾವ ಪುಸ್ತಕ ಎಲ್ಲಿದೆ ಅಂತ ಅವಳಿಗೂ ತಿಳಿಯುತ್ತದೆ, ಅಲ್ವಾ?

ಅರ್ಜಿಗೆ ಏನು ಉತ್ತರ ಬಂತು ಅಂತ ನಮಗೂ ಬರೆಯಿರಿ. ಬೇರೆ ಊರುಗಳ ಓದುಗರೂ ತಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯ ಈ ಬೇಸಿಗೆಯಲ್ಲಿ ಎಷ್ಟು ಗಂಟೆಗೆ ತೆರೆಯುತ್ತದೆ, ಹೊರಗಿನವರನ್ನು ಒಳಗೆ ಬಿಡುತ್ತಾರಾ, ಅದಕ್ಕೆ ಎಷ್ಟು ಶುಲ್ಕ ಅಂತ ತಿಳಿಸಿದರೆ ಎಲ್ಲವನ್ನೂ ಒಟ್ಟಿಗೆ ಅಚ್ಚು ಹಾಕುತ್ತೇವೆ.

– ಸಂಪಾದಕ